ಜಗಳೂರಿನ ಕೆಸರಿನಲ್ಲಿ ಕಾಡಿರಲಿಲ್ಲ

ನನ್ನ ಸಂಶೋಧನೆಯ ಮಾರ್ಗದರ್ಶಕರನ್ನು ನಾನು ಮೊದಲ ದಿನವೇ ದ್ವೇಷಿಸಲಿಲ್ಲ. ಅದಕ್ಕೆ ಸ್ವಲ್ಪ ಕಾಲ ಹಿಡಿಯಿತು. ಎಪ್ಪತ್ತರ ದಶಕದ ಕೊನೆಯಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಅವರ ಪ್ರಯೋಗಾಲಯದ ಬಾಗಿಲಲ್ಲಿ ನಿಂತಾಗ, "ಚನ್ನಗಿರಿ ಅಂದ್ರೆ ಅಡಿಕೆ ಮಂಡಿಯವರ ಮಗಳಾ? ಮದುವೆ ಗೊತ್ತಾಗೋವರೆಗೆ ಟೈಂಪಾಸಿಗೆ ಬಂದಿದ್ದೀಯಾ?" ಎಂದು ಕೇಳಿದ್ದರು. "ಇಲ್ಲ ಸಾರ್" ಎಂದೆ. ಅಪ್ಪನೂ ಇದನ್ನೇ ಬೇರೆ ಮಾತಿನಲ್ಲಿ ಕೇಳಿದ್ದರಿಂದ ಉತ್ತರ ಬಾಯಿಗೆ ಬಂದುಬಿಟ್ಟಿತ್ತು.

ಕೆಲಸವೆಂದರೆ ಕೆರೆಯ ಕೆಸರಿನಲ್ಲಿ ಹಳೆಯ ಪರಾಗ ಹುಡುಕುವುದು. ಗಿಡಮರಗಳು ಹೂ ಬಿಟ್ಟಾಗ ಪರಾಗ ಗಾಳಿಯಲ್ಲಿ ಹಾರಿ, ಹಳ್ಳದ ನೀರಿನಲ್ಲಿ ಹರಿದು ಕೆರೆಯ ತಳ ಸೇರುತ್ತದೆ. ಅದರ ಮೇಲೆ ವರ್ಷ ವರ್ಷ ಹೂಳು ಕೂರುತ್ತದೆ. ಪರಾಗದ ಒಳಗಿನದೆಲ್ಲ ಕೊಳೆತು ಹೋದರೂ ಹೊರಗಿನ ಕವಚ ಬಹುಕಾಲ ಉಳಿಯುತ್ತದೆ, ಒಂದೊಂದು ಜಾತಿಯ ಗಿಡದ್ದು ಒಂದೊಂದು ಆಕಾರ. ತಳಕ್ಕೆ ಕಬ್ಬಿಣದ ಕೊಳವೆ ಇಳಿಸಿ, ಕೆಸರನ್ನು ಕಂಬದ ಹಾಗೆ ಮೇಲೆತ್ತಿ, ಪದರ ಪದರವಾಗಿ ಕತ್ತರಿಸಿ, ಆಮ್ಲದಲ್ಲಿ ತೊಳೆದು ಸೂಕ್ಷ್ಮದರ್ಶಕದಡಿ ಇಟ್ಟರೆ, ಆ ಸೀಮೆಯಲ್ಲಿ ಹಿಂದೆ ಏನು ಬೆಳೆದಿತ್ತು ಎಂಬುದು ತಿಳಿಯುತ್ತದೆ.

ಇದನ್ನು ಊರವರಿಗೆ ವಿವರಿಸುವುದು ಮಾತ್ರ ನನ್ನಿಂದ ಆಗಲಿಲ್ಲ. ನ್ಯಾಮತಿ ಕಡೆ, ಗೋವಿನಕೋವಿಯ ಆಚೆಯ ಒಂದು ಕೆರೆಯಲ್ಲಿ ನಾನೂ ಆಳುಗಳೂ ತೆಪ್ಪದಿಂದ ಕೊಳವೆ ಇಳಿಸುತ್ತಿದ್ದೆವು. ಗದ್ದೆಗಳಿಂದ ಜನ ಎದ್ದು ಬಂದರು.

"ಕೆರಿ ತಳಕ್ಕೆ ತೂತು ಹೊಡಿತೀರೇನ್ರೀ? ನೀರೆಲ್ಲ ಸೋರಿ ಹೋದ್ರೆ ನಮ್ಮ ಭತ್ತಕ್ಕೆ ನೀವು ನೀರು ಹಾಕಾಕೆ ಬರ್ತೀರಾ?"

"ತೂತು ಭಾಳ ಸಣ್ಣದು, ಕೆಸರೇ ಮುಚ್ಕೊಳ್ತೈತೆ" ಎಂದೆ.

"ಮುಚ್ಕೊಳ್ಳದಿದ್ರೆ?"

ಅಷ್ಟರಲ್ಲಿ ಒಬ್ಬ ನಡುಮಟ್ಟ ನೀರಿಗಿಳಿದು ಕೊಳವೆಯನ್ನು ಕಿತ್ತು ಏರಿಯ ಆಚೆಗೆ ಎಸೆದ. ನಮ್ಮ ತೆಪ್ಪವನ್ನು ದಡಕ್ಕೆ ಎಳೆದು ಬೋರಲು ಹಾಕಿದರು. ಕೆಸರು ಮೆತ್ತಿದ ಸೀರೆಯಲ್ಲೇ ನಾನು ಹೊನ್ನಾಳಿಗೆ ಬಂದು ಬಸ್ಸು ಹತ್ತಿದೆ. ವಿಷಯ ತಿಳಿದ ಮಾರ್ಗದರ್ಶಕರು, "ಆ ಕೊಳವೆ ಎಷ್ಟು ಕಷ್ಟಪಟ್ಟು ತರಿಸಿದ್ದು ಗೊತ್ತಾ?" ಎಂದರು. ನನಗೆ ಪೆಟ್ಟಾಯಿತೇ ಎಂದು ಕೇಳಲಿಲ್ಲ.

ಬೇರೆ ಕೊಳವೆ ತಂದು ಚನ್ನಗಿರಿ ಕಡೆ ಇಳಿಸಿದಾಗ ಯಾರೂ ತಡೆಯಲಿಲ್ಲ, ಅಪ್ಪನ ಮುಖ ನೋಡಿ ಬಿಟ್ಟರು. ಅಲ್ಲಿನ ಕೆಸರಿನ ಕೆಳ ಪದರಗಳಲ್ಲಿ ಮರಗಳ ಪರಾಗ ಸಮೃದ್ಧವಾಗಿತ್ತು. ಮೇಲೆ ಬಂದಂತೆ ಅದು ಕಡಿಮೆಯಾಗಿ, ಬೆಳೆಗಳದ್ದೂ ಕಳೆಗಳದ್ದೂ ಹೆಚ್ಚುತ್ತ ಹೋಗಿತ್ತು. ಕಾಡು ಕಡಿದು ಗದ್ದೆ ಮಾಡಿದ್ದು ಸ್ಪಷ್ಟವಿತ್ತು. ಉತ್ಸಾಹದಿಂದ ಊಟದ ಹೊತ್ತಿನಲ್ಲಿ ಮನೆಯಲ್ಲಿ ಹೇಳಿದೆ. ಅಪ್ಪ ತುತ್ತು ಅಲ್ಲೇ ಬಿಟ್ಟರು.

"ನಮ್ಮ ಹಿರೇರು ಕಾಡು ಕಡ್ದು ಗದ್ದಿ ತ್ವಾಟ ಮಾಡ್ಯಾರೆ, ಕಳ್ಳತನ ಮಾಡಿಲ್ಲ. ಅದನ್ನ ಹೇಳಾಕೆ ಇಷ್ಟು ಓದ್ಬೇಕಿತ್ತಾ?"

ಆ ಮೇಲೆ ನನ್ನ ಕೆಲಸದ ಬಗ್ಗೆ ಅವರು ಮನೆಯಲ್ಲಿ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ.

ಉಳಿದದ್ದು ಜಗಳೂರು. ಅಲ್ಲಿನ ಕೆರೆ ಬೇಸಿಗೆಯಲ್ಲಿ ಪೂರ್ತಿ ಒಣಗಿತ್ತು. ಕೊಳವೆಯ ಅಗತ್ಯವಿಲ್ಲ, ಗುಂಡಿ ತೋಡಿ ಅದರ ಗೋಡೆಯಿಂದಲೇ ಮಣ್ಣು ಕತ್ತರಿಸಿ ತೆಗೆಯಬಹುದಿತ್ತು. ಆಳುಗಳನ್ನಿಟ್ಟುಕೊಂಡು ತೋಡಿಸುತ್ತಿದ್ದಾಗ ಕುರಿ ಮೇಯಿಸುವ ಹೆಂಗಸೊಬ್ಬಳು ಬಂದು ಅಂಚಿನಲ್ಲಿ ನಿಂತಳು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವಳು.

"ಏನವ್ವಾ, ನೀಲಗಿರಿ ಹಾಕಾಕೆ ಗುಂಡಿ ತೋಡ್ತೀಯಾ?"

ಆ ವರ್ಷಗಳಲ್ಲಿ ಊರೂರ ಗೋಮಾಳಗಳಲ್ಲಿ ಸರ್ಕಾರ ನೀಲಗಿರಿ ನೆಡಿಸುತ್ತಿತ್ತು. ಇಲ್ಲಿಯ ಗೋಮಾಳಕ್ಕೂ ಗುರುತಿನ ಕಲ್ಲು ಬಿದ್ದಿತ್ತು.

"ಇಲ್ಲ ಅಕ್ಕಾ, ಮಣ್ಣು ನೋಡಾಕೆ ಬಂದೀನಿ."

"ಹೋದ ಸಲ ಬಂದೋರೂ ಮಣ್ಣು ನೋಡಾಕೆ ಅಂತಾನೇ ಬಂದಿದ್ರು. ಆಮ್ಯಾಲೆ ಕಲ್ಲು ನೆಟ್ಟು ಹೋದ್ರು."

"ನಾನು ಆ ಇಲಾಖೆಯೋಳಲ್ಲಕ್ಕಾ."

"ಎಲ್ಲಾ ಒಂದೇ ಜೀಪಿನಾಗೆ ಬರ್ತೀರಿ."

ಅದು ನಿಜವಾಗಿತ್ತು. ಮಾರ್ಗದರ್ಶಕರು ಅರಣ್ಯದವರ ಜೀಪನ್ನೇ ನಮಗೆ ಕೊಡಿಸಿದ್ದರು. ಮಧ್ಯಾಹ್ನ ಕುಡಿಯಲು ನೀರು ಕೇಳಿದೆ. ಅವಳು ಬಿರುಕು ಬಿಟ್ಟ ನೆಲದ ಕಡೆ ಕೈ ತೋರಿಸಿ, "ಕೆರಿ ಐತಲ್ಲ, ಕುಡಿ" ಎಂದಳು. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಇಡೀ ಹಿಂಡನ್ನು ಗುಂಡಿಗೆ ನುಗ್ಗಿಸಿ ಗೋಡೆ ಕೆಡವಿದ್ದಳು. ನಾನು ಬಾಯಿಗೆ ಬಂದಂತೆ ಬೈದೆ. ಅವಳು ಇನ್ನೂ ಚೆನ್ನಾಗಿ ಬೈದಳು. ಮತ್ತೊಂದು ಕಡೆ ತೋಡಿಸಿ, ಅವಳು ನೋಡುತ್ತಿದ್ದಂತೆಯೇ ಮಣ್ಣು ತುಂಬಿಕೊಂಡು ಬಂದೆ.

ಒಣಗಿ ನೆನೆದು ಒಣಗಿದ ಮಣ್ಣಿನಲ್ಲಿ ಪರಾಗ ಚೆನ್ನಾಗಿ ಉಳಿಯುವುದಿಲ್ಲ. ಸಿಕ್ಕ ಅಷ್ಟಿಷ್ಟರಲ್ಲಿ ಹುಲ್ಲು, ಜಾಲಿ, ಜೇಕು ಬಿಟ್ಟರೆ ಹೆಚ್ಚೇನಿರಲಿಲ್ಲ. ಆದರೆ ಹುಲ್ಲಿನ ಎಲೆಯೊಳಗೆ ಗಾಜಿನಂಥ ಸೂಕ್ಷ್ಮ ಕಣಗಳು ಬೆಳೆಯುತ್ತವೆ. ಎಲೆ ಕೊಳೆತರೂ ಅವು ಮಣ್ಣಿನಲ್ಲಿ ಉಳಿಯುತ್ತವೆ. ನಾವು ಪರಾಗ ಬಿಡಿಸಲು ಬಳಸುತ್ತಿದ್ದ ಆಮ್ಲ ಆ ಕಣಗಳನ್ನು ಕರಗಿಸಿಬಿಡುತ್ತಿತ್ತು. ಹಾಗಾಗಿ ಪ್ರತಿ ಪದರದಿಂದ ಒಂದಿಷ್ಟು ಮಣ್ಣನ್ನು ಆ ಆಮ್ಲಕ್ಕೆ ಹಾಕದೆ ತೊಳೆದು ನೋಡಿದೆ. ತಳದಿಂದ ಮೇಲಿನವರೆಗೂ ಹುಲ್ಲಿನ ಕಣಗಳೇ ತುಂಬಿದ್ದವು.

ಮಾರ್ಗದರ್ಶಕರಿಗೆ ತೋರಿಸಿದೆ. ಅವರು ಮಸೂರದಿಂದ ಕಣ್ಣೆತ್ತದೆ ಬಹಳ ಹೊತ್ತು ನೋಡಿದರು.

"ಪರಾಗ ಸಿಗಲಿಲ್ಲ ಅಂದ್ರೆ ಮರ ಇರ್ಲಿಲ್ಲ ಅಂತ ಅಲ್ಲ."

"ಒಪ್ತೀನಿ ಸಾರ್. ಆದ್ರೆ ಹುಲ್ಲಿತ್ತು ಅನ್ನೋದಕ್ಕೆ ಸಾಕ್ಷಿ ಇದೆ, ಕಾಡಿತ್ತು ಅನ್ನೋದಕ್ಕೆ ಇಲ್ಲ."

"ಹುಲ್ಲಿತ್ತು ಅಂತ ಬರೆಯೋಕೆ ಯಾರಾದರೂ ಸಂಶೋಧನೆ ಮಾಡ್ತಾರೇನಮ್ಮಾ?" ಎಂದು ನಕ್ಕು ಎದ್ದರು.

ಕೆಲವು ತಿಂಗಳ ನಂತರ ಜಗಳೂರಿನಲ್ಲಿ ಅಧಿಕಾರಿಗಳು ಗಿಡ ನೆಡುವ ಬಗ್ಗೆ ಸಭೆ ಕರೆದರು. ಒಂದು ಶಾಲೆಯ ದೊಡ್ಡ ಕೋಣೆಯಲ್ಲಿ ಕಿಟಕಿ ಮುಚ್ಚಿ, ಗೋಡೆಯ ಮೇಲೆ ಚಿತ್ರ ತೋರಿಸುವ ಏರ್ಪಾಡು. ಮಾರ್ಗದರ್ಶಕರು ಮಾತಾಡಲು ನಿಂತರು. ನಾನು ಮುಂದಿನ ಬೆಂಚಿನಲ್ಲಿದ್ದೆ. ಹಿಂದೆ ಕಂಬಳಿ ಹೊದ್ದ ಜನ, ಅವರ ನಡುವೆ ಆ ಹೆಂಗಸು.

"ಇದು ಇಲ್ಲಿಯ ಕೆರೆಯ ತಳದಲ್ಲಿ ಸಿಕ್ಕ ಮರದ ಪರಾಗ. ಈ ಬಯಲೆಲ್ಲ ಹಿಂದೆ ದಟ್ಟವಾದ ಕಾಡು. ಕುರಿ ಮೇಕೆ ಮೇಯ್ದು ಬರಡಾಯಿತು. ಇದನ್ನು ಕಂಡುಹಿಡಿದದ್ದು ನಮ್ಮ ವಿದ್ಯಾರ್ಥಿನಿ" ಎಂದು ನನ್ನತ್ತ ಕೈ ಮಾಡಿದರು.

ಗೋಡೆಯ ಮೇಲಿನ ಚಿತ್ರ ನಾನೇ ತೆಗೆದದ್ದು. ಅದು ಚನ್ನಗಿರಿಯ ಕೆರೆಯದು. ಎದ್ದು ನಿಂತೆ.

"ಸಾರ್, ಆ ಫೋಟೋ ಇಲ್ಲೀದಲ್ಲ. ಚನ್ನಗಿರೀದು."

"ಕೂತ್ಕೋ."

"ಇಲ್ಲಿನ ಮಣ್ಣಲ್ಲಿ ನಂಗೆ ಕಾಡು ಸಿಕ್ಕಿಲ್ಲ. ಹುಲ್ಲು ಸಿಕ್ಕಿದೆ. ಕುರಿ ಮೇಯ್ದು ಕಾಡು ಹಾಳಾಯ್ತು ಅಂತ ನಾನು ಎಲ್ಲೂ ಹೇಳಿಲ್ಲ."

ವೇದಿಕೆಯಲ್ಲಿದ್ದ ಅಧಿಕಾರಿ, "ಲ್ಯಾಬಿನ ವಿಷಯ ಲ್ಯಾಬಿನಲ್ಲೇ ಮಾತಾಡ್ಕೊಳ್ಳಿ" ಎಂದು ನಕ್ಕರು. ಹಿಂದಿನಿಂದ ಒಬ್ಬ ಎದ್ದು, "ಹಂಗಾರೆ ನೀಲಗಿರಿ ಹಾಕಲ್ಲೇನ್ರೀ?" ಎಂದು ಕೇಳಿದ.

"ಹಾಕ್ತೀವಿ. ಆದೇಶ ಆಗಿದೆ."

ಸಭೆ ಮುಗಿದ ಮೇಲೆ ಜೀಪು ನನ್ನನ್ನು ಬಿಟ್ಟು ಹೋಯಿತು. ಬಸ್ಸಿಗೆ ಕಾಯುತ್ತ ನಿಂತಿದ್ದೆ. ಯಾರೂ ಹತ್ತಿರ ಬರಲಿಲ್ಲ. ಒಳ್ಳೆಯ ಮಾತು ನಿರೀಕ್ಷಿಸಿದ್ದೆನೋ ಏನೋ, ಆ ಹೆಂಗಸು ಎದುರಿಗೆ ಹಾದು ಹೋದಾಗ, "ಅಕ್ಕಾ" ಎಂದೆ. ಅವಳು ನಿಂತಳು.

"ನಮ್ಮ ಮಣ್ಣು ತಗಂಡು ಹೋಗಿ ಅವ್ನ ಕೈಗೆ ಕೊಟ್ಟೋಳು ನೀನೇ ಅಲ್ಲೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು.

ಮರುವಾರ ಪ್ರಯೋಗಾಲಯಕ್ಕೆ ಹೋದರೆ ನನ್ನ ಮೇಜಿನ ಮೇಲೆ ಏನೂ ಇರಲಿಲ್ಲ. ಪರಾಗ ಹಚ್ಚಿದ ಗಾಜಿನ ಪಟ್ಟಿಗಳೆಲ್ಲ ಮಾರ್ಗದರ್ಶಕರ ಬೀರುವಿನಲ್ಲಿ ಬೀಗದೊಳಗೆ.

"ನೀವು ಸುಳ್ಳು ಹೇಳಿದ್ರಿ ಸಾರ್."

"ಸುಳ್ಳಲ್ಲ. ಉದಾಹರಣೆ. ಜನಕ್ಕೆ ಅರ್ಥವಾಗೋ ಹಾಗೆ ಹೇಳೋದು ಅಂತಾರೆ ಅದಕ್ಕೆ."

"ಉದಾಹರಣೆಗೆ ನನ್ನ ಹೆಸರು ಯಾಕೆ ಬೇಕಿತ್ತು?"

"ನಿನ್ನ ಹೆಸರಿಗೆ ಬೆಲೆ ಬಂದದ್ದೇ ನನ್ನಿಂದ. ಇನ್ನು ನಿನ್ನ ಪ್ರಬಂಧಕ್ಕೆ ನಾನು ಸಹಿ ಹಾಕಲ್ಲ, ಹೋಗು."

ಜಗಳೂರಿನ ಮಣ್ಣಿನಲ್ಲೂ ಚನ್ನಗಿರಿಯ ಕೆಸರಿನಲ್ಲೂ ಅರ್ಧದಷ್ಟು ನಮ್ಮ ಮನೆಯಲ್ಲಿತ್ತು. ಪ್ರಯೋಗಾಲಯದಲ್ಲಿ ಜಾಗ ಸಾಲದೆ ಪಾಲಿಥಿನ್ ಚೀಲಗಳಲ್ಲಿ ಕಟ್ಟಿ ಮಂಚದಡಿ ಇಟ್ಟಿದ್ದೆ. ಅಮ್ಮ ಅದನ್ನು ಎಸೆಯಲು ಎಷ್ಟೋ ಸಲ ಹೊರಟಿದ್ದಳು. ಅದನ್ನು ಹೊತ್ತು ಬೇರೊಂದು ವಿಶ್ವವಿದ್ಯಾಲಯಕ್ಕೆ ಹೋದೆ. ಅಲ್ಲಿ ಒಬ್ಬರು ಮಾರ್ಗದರ್ಶನಕ್ಕೆ ಒಪ್ಪಿದರು, ಆದರೆ ಜಗಳೂರಿನ ಅಧ್ಯಾಯ ಬಿಟ್ಟುಬಿಡು ಎಂದರು. ಬಿಡುವುದಿಲ್ಲ ಎಂದೆ. ಎಲ್ಲವನ್ನೂ ಮೊದಲಿನಿಂದ ತೊಳೆದು, ನೋಡಿ, ಬರೆದು, ಪದವಿ ಪಡೆಯುವ ಹೊತ್ತಿಗೆ ಎಂಬತ್ತರ ದಶಕ ಅರ್ಧಕ್ಕಿಂತ ಹೆಚ್ಚು ಕಳೆದಿತ್ತು. ನನ್ನ ಮದುವೆಯ ಮಾತನ್ನು ಮನೆಯವರು ಅಷ್ಟರಲ್ಲಿ ಕೈಬಿಟ್ಟಿದ್ದರು.

ಹೊನ್ನಾಳಿಯಲ್ಲಿ ಕೆಲಸ ಸಿಕ್ಕ ಮೇಲೆ ಒಮ್ಮೆ ಜಗಳೂರಿಗೆ ಹೋದೆ. ಗೋಮಾಳದಲ್ಲಿ ನೀಲಗಿರಿ ಮನೆಗಿಂತ ಎತ್ತರ ಬೆಳೆದು, ಅಡಿಯಲ್ಲಿ ಒಣ ಎಲೆ ಮಾತ್ರ ಬಿದ್ದಿತ್ತು. ಆ ಹೆಂಗಸು ಸಿಕ್ಕಳು. ವಯಸ್ಸಿಗಿಂತ ಮುದಿಯಾಗಿ ಕಂಡಳು, ಕುರಿಗಳು ಕೆಲವೇ ಉಳಿದಿದ್ದವು. ಇಲ್ಲಿ ಹುಲ್ಲೇ ಇತ್ತೆಂದು ಬರೆದೆ, ಅದಕ್ಕೆ ಡಾಕ್ಟರೇಟು ಕೊಟ್ಟರು ಎಂದು ಹೇಳಿದೆ.

"ಇಲ್ಲಿ ಹುಲ್ಲಿತ್ತು ಅಂತ ನಂಗೆ ಹೇಳಾಕೆ ಬಂದೀಯಾ?" ಎಂದಳು. "ಬರ್ದಿದ್ದನ್ನ ಕುರಿ ತಿಂತಾವೇನು?"

ಅವಳ ಸಿಟ್ಟು ನನಗೆ ಆಗಲೂ ಅನ್ಯಾಯವೆನಿಸಲಿಲ್ಲ, ಈಗಲೂ ಅನಿಸುವುದಿಲ್ಲ.

ಮಾರ್ಗದರ್ಶಕರನ್ನು ಆಮೇಲೆ ಒಂದೇ ಸಲ ನೋಡಿದ್ದು, ದಾವಣಗೆರೆಯ ಬಸ್ ನಿಲ್ದಾಣದಲ್ಲಿ. ವಯಸ್ಸಾಗಿತ್ತು, ಕೈಯಲ್ಲಿ ಭಾರದ ಚೀಲವಿತ್ತು. ಗುರುತು ಹಿಡಿದು, "ಹೇಗಿದ್ದೀಯಮ್ಮಾ?" ಎಂದು ನಕ್ಕರು. ಹೊನ್ನಾಳಿಯ ಬಸ್ಸು ಬಂದಿತ್ತು, ಹತ್ತಿ ಕಿಟಕಿಯ ಪಕ್ಕದಲ್ಲಿ ಕೂತೆ, ಅವರ ಕಡೆ ತಿರುಗಿ ನೋಡಲಿಲ್ಲ.