ಕಿವಿ ಮುಚ್ಚಿಕೊಂಡ ಮಗುವಿನ ಬಗ್ಗೆ ಒಂದು ತಿದ್ದುಪಡಿ

ಮಿತ್ರರೇ, ಪಕ್ಕದ ಮನೆಯ ನಾಲ್ಕು ವರ್ಷದ ಸಾನಿಯಾ ನನ್ನ ಬುದ್ಧಿಮಾತಿಗೆ ಕಿವಿ ಮುಚ್ಚಿಕೊಂಡಳೆಂದೂ, ಅದು ಅತಿಮುದ್ದಿನ ಫಲವೆಂದೂ ನಿನ್ನೆ ನಮ್ಮ ಬೀದಿಯ ಈ ವಾಟ್ಸಾಪ್ ಗುಂಪಿನಲ್ಲಿ ಬರೆದಿದ್ದೆ. ಅದು ತಪ್ಪು.

ಇಂದು ಅವಳ ತಾಯಿ ನಸ್ರೀನ್ ನಮ್ಮ ಮನೆ ಬಾಗಿಲಲ್ಲೇ ನಿಂತು ಹೇಳಿದರು: “ಕುಕ್ಕರ್ ಕೂಗುದ್ರೂ ಅಂಗೇ ಮುಚ್ಕತಾಳೆ ಸಾ. ಶಬ್ದ ತಡ್ಯಕಾಗಲ್ಲ ಅವ್ಳಿಗೆ. ಮೈಸೂರ್ನಲ್ಲಿ ಡಾಕ್ಟ್ರಿಗೆ ತೋರ್ಸನ ಅಂತಿದ್ವಿ. ನೀವು ಬರ್ದಿದ್ದು ಓದ್ಬುಟ್ಟು ಇವ್ಳಪ್ಪ, ಮಾನ ಹೋಯ್ತು, ಎಲ್ಲಿಗೂ ಬ್ಯಾಡ ಅಂತಾವ್ರೆ.”

ಮೇಷ್ಟ್ರಾದ ನಾನು ಅವರ ಮನೆಗೆ ಹೋಗಿ ತರಗತಿಯ ದನಿಯಲ್ಲೇ ಕ್ಷಮೆ ಕೇಳತೊಡಗಿದೆ. ಮಗು ಎರಡೂ ಕಿವಿ ಮುಚ್ಚಿಕೊಂಡಿತು.

“ಮೆಲ್ಲಗ್ ಮಾತಾಡಿ ಸಾ, ಅವ್ಳಿಗಾಗಲ್ಲ,” ಎಂದರು ತಂದೆ ರಫೀಕ್. ಮಗಳ ಕೈಗಳನ್ನೇ ನೋಡಿ, “ನಾಳೆ ಡಾಕ್ಟ್ರತ್ರ ಕರ್ಕೊಂಡೋಗ್ತೀನಿ ಬುಡಿ,” ಎಂದರು.

ಪಿಸುದನಿಯಲ್ಲಿ ಮತ್ತೆ ಕ್ಷಮೆ ಕೇಳಿದೆ. ಮಗು ಒಂದು ಕೈಯನ್ನು ಮಾತ್ರ ಕೆಳಗಿಳಿಸಿತು. ನನ್ನ ಯೋಗ್ಯತೆಗೆ ಅರ್ಧ ಅಂಕವೇ ಹೆಚ್ಚು.

ಶ್ರೀರಂಗಪಟ್ಟಣ, ಭಾನುವಾರ, ಸಂಜೆ 5.40.