ಅರ್ಧ ದಂಡೆ ಮಲ್ಲಿಗೆ

ಮಗಳ ತರಗತಿಯಲ್ಲಿ ಯಾರಿಗೋ ಹೇನಾಗಿದೆಯಂತೆ, ಶಾಲೆಯಿಂದ ವಾಟ್ಸಾಪ್ ಬಂತು. ಗಾಬರಿಯಲ್ಲೇ ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿದೆ. ಆ ವಾಸನೆ ಮೂಗಿಗೆ ಬಿದ್ದದ್ದೇ, ನಾನು ಹೊನ್ನಾವರದ ನಮ್ಮ ಜಗಲಿಯಲ್ಲಿದ್ದೆ.

ಅಮ್ಮ ಬಿಳಿ ಪಂಚೆ ಹಾಸಿ, ಅದರ ಮೇಲೆ ನನ್ನ ತಲೆ ಬಗ್ಗಿಸಿ, ಹೇನಿನ ಹಣಿಗೆಯಲ್ಲಿ ಉರಿಯುವಷ್ಟು ಬಾಚುತ್ತಿದ್ದಳು. ಉದುರಿದ್ದನ್ನು ಉಗುರಿನಲ್ಲಿ ಚಟ್ಟೆಂದು ಒತ್ತುತ್ತ ಕೇಳಿದಳು, "ಯಾರ ಹೂ ಮುಡ್ದಿದ್ಯೆ, ಹೇಳು."

ಬೆಂಚಿನಲ್ಲಿ ನನ್ನ ಪಕ್ಕ ಕೂರುವ ನಾಗವೇಣಿ ದಿನಾ ತನ್ನ ಜಡೆಯ ಮಲ್ಲಿಗೆ ದಂಡೆ ಹರಿದು ನನಗರ್ಧ ಮುಡಿಸುತ್ತಿದ್ದಳು. ಹೆಸರು ಹೇಳಿದರೆ ಅಮ್ಮ ನಾಳೆಯೇ ಮಾಸ್ತರರಿಗೆ ಹೇಳಿ ಅವಳನ್ನು ಒಬ್ಬಳೇ ಕೂರಿಸುತ್ತಾಳೆಂದು ಗೊತ್ತಿತ್ತು.

"ಯಾರದ್ದೂ ಅಲ್ಲ" ಎಂದೆ.

ಇವತ್ತು ಮಗಳ ತಲೆ ಬಗ್ಗಿಸಿ ನಾನೂ ಕೇಳಿದೆ, "ಯಾರ ಹೇರ್‌ಬ್ಯಾಂಡ್ ಹಾಕ್ಕಂಡಿದ್ಯೆ?"

ಅವಳು ತಲೆ ಎತ್ತಲಿಲ್ಲ.

"ಯಾರದ್ದೂ ಅಲ್ಲ, ಅಮ್ಮ."