ಟಗರಿಗೆ ಮಾಡಿದ ವಂದನೆ

ಪೋರ್ಚುಗಲ್‌ನ ಉತ್ತರಕ್ಕಿರುವ ನಮ್ಮ ಹಳ್ಳಿಯಲ್ಲಿ ಬೆಲ್ಮಿರೊ ಮೇಷ್ಟ್ರು ಐವತ್ತು ವರ್ಷ ದೊಣ್ಣೆವರಸೆ ಕಲಿಸಿದರು. ಎದುರಾಳಿಗೆ ತಲೆಬಾಗಿ ವಂದಿಸದೆ ಯಾರೂ ದೊಣ್ಣೆ ಎತ್ತಬಾರದೆಂಬುದು ಅವರ ಕಟ್ಟಪ್ಪಣೆ.

ಅರವತ್ತರ ದಿಯೊಲಿಂಡಾ ಅವರ ಶಿಷ್ಯೆಯಾದದ್ದು ಒಂದು ಟಗರಿನ ಕಾಟದಿಂದ. ಗಿರಣಿಯವನ ಆ ಟಗರು ಸೇತುವೆಯ ಬಳಿ ಕಾದು ನಿಂತು, ಆಕೆ ಸಂತೆಗೆ ಒಯ್ಯುವ ಮೊಟ್ಟೆಗಳನ್ನು ವಾರವಾರವೂ ಒಡೆಯುತ್ತಿತ್ತು. ಸಂತೆಗೆ ಬೇರೆ ದಾರಿಯಿರಲಿಲ್ಲ.

ಎರಡು ತಿಂಗಳು ಕಲಿತು ಧೈರ್ಯವಾಗಿ ಹೊರಟವಳು ಮರಳಿ ಬಂದಾಗ ಮೈಯೆಲ್ಲ ಮೊಟ್ಟೆಯ ಲೋಳೆ.

"ಏನಾಯ್ತಮ್ಮ?"

"ನೀವು ಹೇಳ್ದಂಗೇ ತಲೆ ಬಾಗಿಸ್ದೆ ಮೇಷ್ಟ್ರೇ. ಅದೂ ಬಾಗಿಸ್ತು. ಪರವಾಗಿಲ್ಲ, ಮರ್ಯಾದೆ ಗೊತ್ತಿರೋ ಪ್ರಾಣಿ ಅಂದ್ಕೊಂಡೆ!"

"ಟಗರಿಗೆ ಯಾರಾದ್ರೂ ತಲೆ ಬಾಗಿಸ್ತಾರೇನಮ್ಮ? ನಡಿ, ತೋರಿಸ್ತೀನಿ."

ಶಾಲೆ ಮುಗಿಸಿ ಬರುತ್ತಿದ್ದ ನಾನೂ ಹಿಂದೆಯೇ ಹೋದೆ. ಮೇಷ್ಟ್ರು ಟಗರಿನೆದುರು ನೆಟ್ಟಗೆ ನಿಂತರು. ಐವತ್ತು ವರ್ಷದ ಅಭ್ಯಾಸ. ತಲೆ ತಾನಾಗಿ ಬಾಗಿತು. ಮರುಕ್ಷಣ ಅವರು ಹಳ್ಳದಲ್ಲಿದ್ದರು.

ಟಗರು ದಿಯೊಲಿಂಡಾಳತ್ತ ತಿರುಗಿತು. ಈ ಸಲ ಆಕೆ ವಂದಿಸಲಿಲ್ಲ. ಮೂತಿಗೆ ಬಿದ್ದ ಒಂದೇ ಏಟಿಗೆ ಗಿರಣಿ ಸೇರಿದ ಟಗರು ಮತ್ತೆ ಸೇತುವೆಯ ಕಡೆ ಸುಳಿಯಲಿಲ್ಲ.

"ವಂದನೆ ಮರೆತ್ಯಲ್ಲಮ್ಮ!" ಎಂದು ಹಳ್ಳದಿಂದ ಕೂಗು ಬಂತು.

"ಮೊದ್ಲು ಮೇಲೆ ಬನ್ನಿ ಮೇಷ್ಟ್ರೇ, ಅದನ್ನ ನಿಮಗೇ ಮಾಡ್ತೀನಿ," ಎಂದು ಆಕೆ ದೊಣ್ಣೆಯ ತುದಿಯನ್ನು ಅವರತ್ತ ಚಾಚಿದಳು.